ಚಿಕಿತ್ಸೆಯ ದಿನಗಳಲ್ಲಿ ವ್ಯಾಯಾಮ: ಮನೆಮಂದಿಯೆಲ್ಲ ಹೊರಬೇಕಾದ ಕಾಯಕ



ಮನೆಯ ತಾಯಿಗೋ ಸೊಸೆಗೋ ಸ್ತನ ಕ್ಯಾನ್ಸರ್ ಎಂದು ತಿಳಿದಾಗ ನಾವು ಪ್ರೀತಿಯಿಂದ ಹೇಳುವ ಮೊದಲ ಮಾತು, "ನೀನು ಏಳಬೇಡ, ಮಲಗಿರು" ಎಂಬುದು. ಆ ಮಾತಿನಲ್ಲಿ ಅಂತಃಕರಣವಿದೆ. ಆದರೆ ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಸದಾ ಮಲಗಿದ್ದರೆ ಸ್ನಾಯುಗಳು ಕರಗುತ್ತವೆ, ಉಸಿರು ಕುಗ್ಗುತ್ತದೆ, ದಣಿವು ಇಳಿಯುವ ಬದಲು ಏರುತ್ತದೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2022ರಲ್ಲಿ ಹೊರತಂದ ಮಾರ್ಗಸೂಚಿಯು, ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವಾಗಲೇ ನಡಿಗೆಯಂತಹ ವ್ಯಾಯಾಮವನ್ನೂ ಸ್ನಾಯುಬಲದ ವ್ಯಾಯಾಮವನ್ನೂ ವೈದ್ಯರು ಸೂಚಿಸಬೇಕೆಂದು ಹೇಳಿದೆ.

ಇದು ದೂರದೇಶದ ಮಾತು ಮಾತ್ರವಲ್ಲ. ಬೆಂಗಳೂರಿನಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 62 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ವಿವೇಕಾನಂದ ಯೋಗ ಸಂಶೋಧಕರೂ ಕ್ಯಾನ್ಸರ್ ವೈದ್ಯರೂ ಕೂಡಿ ನಡೆಸಿದ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಯೋಗಾಭ್ಯಾಸ ಮಾಡಿದವರಲ್ಲಿ ಕೀಮೋ ನಂತರದ ವಾಕರಿಕೆ ಕಡಿಮೆಯಾಗಿತ್ತು. ಅದೇ ವರ್ಷ ಕೆನಡಾದಲ್ಲಿ 242 ಮಹಿಳೆಯರ ಅಧ್ಯಯನವೂ ಹೊರಬಂದಿತು. ಅಲ್ಲಿ ಸ್ನಾಯುಬಲದ ವ್ಯಾಯಾಮ ಮಾಡಿದವರು ನಿಗದಿತ ಕೀಮೋ ಪ್ರಮಾಣವನ್ನು ಇತರರಿಗಿಂತ ಹೆಚ್ಚಾಗಿ ಪೂರ್ಣಗೊಳಿಸಿದರು. ಗಮನಿಸಬೇಕಾದ ಅಂಶವೊಂದಿದೆ: ಆ ಮಹಿಳೆಯರು ಸರಾಸರಿ ಹತ್ತು ಬಾರಿಯಲ್ಲಿ ಏಳು ಬಾರಿ ಮಾತ್ರ ವ್ಯಾಯಾಮಕ್ಕೆ ಬಂದಿದ್ದರು. ಮೂರು ದಿನ ತಪ್ಪಿದರೆ ನೇಮ ಮುರಿಯಿತೆಂದು ಯಾರೂ ಕೈಚೆಲ್ಲಬೇಕಾಗಿಲ್ಲ.

ಬಿಡದೆ ನಡೆಸುವುದೆಂದರೆ ದಿನವೂ ಒಂದೇ ಅಳತೆಯಲ್ಲಿ ನಡೆಸುವುದೆಂದು ಭಾವಿಸಬಾರದು. ಕೀಮೋ ಬಹುಮಟ್ಟಿಗೆ 21 ದಿನಗಳ ಸುತ್ತಿನಲ್ಲಿ ಬರುತ್ತದೆ. ಔಷಧಿ ಏರಿದ ಮೊದಲ ಕೆಲವು ದಿನ ಅಂಗಳದಲ್ಲಿ ಐದು ನಿಮಿಷ ನಡೆದರೂ ಸಾಕು. ಎರಡನೆಯ ವಾರದ ಹೊತ್ತಿಗೆ ಬಿಳಿ ರಕ್ತಕಣಗಳು ಇಳಿಯುವುದರಿಂದ ಸಂತೆ, ಜಾತ್ರೆ, ಜನಸಂದಣಿಯಿಂದ ದೂರವಿದ್ದು ಮನೆಯ ಬಳಿಯೇ ನಡೆಯುವುದು ಒಳಿತು. ಮೂರನೆಯ ವಾರ ಶಕ್ತಿ ಮರಳಿದಾಗ ನಡಿಗೆಯನ್ನು ಅರ್ಧ ಗಂಟೆಯವರೆಗೆ ಹಿಗ್ಗಿಸಬಹುದು. ನಡೆಯುತ್ತ ಮಾತನಾಡಲು ಆಗಬೇಕು, ವಚನ ಹಾಡಲು ಉಸಿರು ಸಾಲಬಾರದು, ಅದೇ ಹದ. ಬಳ್ಳಾರಿಗೋ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಪಯಣಿಸುವ ದಿನವನ್ನು ವಿಶ್ರಾಂತಿಗೆ ಬಿಟ್ಟುಕೊಡಿ.

ನಮ್ಮ ಸೀಮೆಯ ಬಿಸಿಲು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುನ್ನವೇ ನಡಿಗೆ ಮುಗಿಯಲಿ. ಹಂಪಿಯಲ್ಲಿ ಬಂಡೆಗಳ ದಾರಿ ಬೇಡ, ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿ ಸಾಕು. ಸಂಡೂರಿನಲ್ಲಿ ಅದಿರಿನ ಲಾರಿಗಳ ಧೂಳಿನ ರಸ್ತೆಯನ್ನು ಬಿಟ್ಟು ಒಳಬೀದಿಯನ್ನು ಆರಿಸಿಕೊಳ್ಳಿ. ಕಂಪ್ಲಿಯ ಗದ್ದೆ ಬದುಗಳಲ್ಲಿ ಜಾರಿ ಬೀಳುವ, ಗಾಯವಾಗುವ ಭಯವುಂಟು. ಸಮನಾದ ದಾರಿ ಮೇಲು. ಹೊಸಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿರುವವರಿಗೆ ಮಾಳಿಗೆಯೇ ನಡಿಗೆಯ ತಾಣವಾದೀತು.

ಶಸ್ತ್ರಚಿಕಿತ್ಸೆಯಾದ ಕಡೆಯ ಭುಜ ಬಿಗಿಯುವುದು ಸಾಮಾನ್ಯ. ಎಡಭಾಗದ ಶಸ್ತ್ರಚಿಕಿತ್ಸೆಯಾದವರಿಗೆ ಇಷ್ಟಲಿಂಗ ಪೂಜೆಯ ವೇಳೆ ಎಡ ಅಂಗೈಯನ್ನು ಎತ್ತಿ ಹಿಡಿಯುವುದೇ ಕಷ್ಟವಾಗಬಹುದು. ಆರಂಭದಲ್ಲಿ ಮೊಣಕೈಗೆ ದಿಂಬಿನ ಆಸರೆ ಕೊಡಿ. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲೇರಿಸುವಂತಹ ಅಭ್ಯಾಸಗಳನ್ನು ಫಿಸಿಯೋಥೆರಪಿಸ್ಟರಿಂದ ಕಲಿತುಕೊಳ್ಳಿ. ಕೈ ಊದೀತೆಂಬ ಅಂಜಿಕೆಯಿಂದ ಆ ಕೈಯನ್ನು ಬಳಸದೇ ಬಿಡುವುದು ತರವಲ್ಲ. ಹಗುರ ಭಾರದಿಂದ ತೊಡಗಿ ನಿಧಾನವಾಗಿ ಏರಿಸಿದರೆ ಬಾವು ಹೆಚ್ಚುವುದಿಲ್ಲವೆಂದು 2009ರ ಅಮೆರಿಕದ ಅಧ್ಯಯನವು ತೋರಿಸಿದೆ. ಆದರೆ ಮೊದಲ ದಿನವೇ ತುಂಬಿದ ಬಿಂದಿಗೆ ಎತ್ತಬಾರದು.

ಯಾವುದನ್ನೂ ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬೇಡಿ. ರೋಗ ಮೂಳೆಗೆ ಹರಡಿದ್ದರೆ, ಹೃದಯದ ತೊಂದರೆಯಿದ್ದರೆ, ರಕ್ತದ ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಅವರು ಬೇರೆ ದಾರಿ ಹೇಳುತ್ತಾರೆ. 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಎದೆನೋವು, ಏದುಸಿರು, ತಲೆಸುತ್ತು, ಕೈಕಾಲಿನಲ್ಲಿ ಹಠಾತ್ ಊತ ಕಂಡರೆ ವ್ಯಾಯಾಮ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಯನ್ನು ಸಂಪರ್ಕಿಸಿ.

"ದಿನವಿಡೀ ಮನೆಗೆಲಸ ಮಾಡುತ್ತೇನಲ್ಲ, ಅದೇ ವ್ಯಾಯಾಮ" ಎನ್ನುವ ತಾಯಂದಿರಿದ್ದಾರೆ. ಮನೆಗೆಲಸದಲ್ಲಿ ದಣಿವಾದಾಗ ನಿಲ್ಲಿಸುವ ಸ್ವಾತಂತ್ರ್ಯ ಅವರಿಗಿರುವುದಿಲ್ಲ. ರೊಟ್ಟಿ ಬಡಿದು, ಬಟ್ಟೆ ಒಗೆದು, ನೀರು ತುಂಬಿದ ಮೇಲೆ ನಡೆಯಲು ಶಕ್ತಿ ಎಲ್ಲಿ ಉಳಿದೀತು? ಹಲವು ಮನೆಗಳಲ್ಲಿ ವ್ಯಾಯಾಮ ನಿಂತುಹೋಗುವುದು ಆಕೆಯ ಮನಸ್ಸು ಸೋತಿದ್ದರಿಂದಲ್ಲ, ಆಕೆಗೆ ಹೊತ್ತು ಸಿಗದಿದ್ದರಿಂದ. ಆದುದರಿಂದ ಒಲೆಯ ಕೆಲಸವನ್ನು ಗಂಡನೂ ಮಕ್ಕಳೂ ವಹಿಸಿಕೊಳ್ಳಲಿ. ಪತಿಯೋ ಮಗಳೋ ನೆರೆಯವರೋ ನಡಿಗೆಗೆ ಜೊತೆಯಾಗಲಿ. ನಡೆದ ನಿಮಿಷಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳು ಗುರುತು ಹಾಕಲಿ. ಮುಂದಿನ ಭೇಟಿಯಲ್ಲಿ ಅದನ್ನೇ ವೈದ್ಯರಿಗೆ ತೋರಿಸಬಹುದು.

ಕಾಯಕವನ್ನು ಹಂಚಿಕೊಳ್ಳುವುದು ನಮ್ಮ ಪರಂಪರೆಗೆ ಹೊಸತಲ್ಲ. ಚಿಕಿತ್ಸೆ ಪಡೆಯುತ್ತಿರುವ ತಾಯಿಗೆ ದಿನಕ್ಕೆ ಅರ್ಧ ಗಂಟೆಯ ಬಿಡುವನ್ನು ಮಾಡಿಕೊಡುವುದು ಮನೆಯವರು ಸಲ್ಲಿಸಬಹುದಾದ ದಾಸೋಹವೆಂದೇ ನಾವು ಭಾವಿಸುತ್ತೇವೆ.