ರುಜು ಹಾಕುವ ಮುನ್ನ

ಮೈಸೂರಿನ ಸರಸ್ವತಿಪುರಂನಿಂದ ಲಕ್ಷ್ಮೀಪುರಂಗೆ ನಡೆದೇ ಹೋಗಬಹುದು. ಆದರೆ ಬರಹಗಾರನ ಬಾಳಿನಲ್ಲಿ ಸರಸ್ವತಿಯ ಮನೆಯಿಂದ ಲಕ್ಷ್ಮಿಯ ಮನೆಗಿರುವ ಹಾದಿ ಅಷ್ಟು ಸಲೀಸಾದುದಲ್ಲ. ಸರಸ್ವತಿಪುರಂನ ನಿವಾಸಿಯಾದ ನಾನು ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

2001ರಲ್ಲಿ ನನ್ನ ಮೊದಲ ಕಾದಂಬರಿಯನ್ನು ಪ್ರಕಟಿಸಲು ಪ್ರಕಾಶಕರೊಬ್ಬರು ಒಪ್ಪಿದರು. ಸಂತೋಷದ ಭರದಲ್ಲಿ ಅವರು ಮುಂದಿಟ್ಟ ಕಾಗದಕ್ಕೆ ರುಜು ಹಾಕಿಬಿಟ್ಟೆ. ಕೃತಿಯ ಹಕ್ಕುಗಳನ್ನು ಪ್ರಕಾಶಕರಿಗೆ ಕೊಟ್ಟಿದ್ದೇನೆ ಎಂಬ ಒಂದೇ ವಾಕ್ಯ ಅದರಲ್ಲಿತ್ತು. ನನಗೆ ಬಂದುದು ಇಪ್ಪತ್ತೈದು ಪ್ರತಿಗಳು. ಮೂರು ವರ್ಷಗಳಲ್ಲಿ ಪುಸ್ತಕ ಮುಗಿಯಿತು, ಮರುಮುದ್ರಣವಾಗಲಿಲ್ಲ. ಬೇರೊಬ್ಬರು ಕೇಳಿಕೊಂಡು ಬಂದಾಗ, ಅದು ನನ್ನದಲ್ಲವೆಂದು ಹಿಂದಕ್ಕೆ ಕಳುಹಿಸಿದೆ. ಹದಿನಾಲ್ಕು ವರ್ಷಗಳ ಮೇಲೆ ವಕೀಲ ಮಿತ್ರರೊಬ್ಬರು ಆ ಕಾಗದವನ್ನು ನೋಡಿ, ಹಕ್ಕು ಎಂದೋ ನಿಮಗೆ ಹಿಂದಿರುಗಿದೆಯಲ್ಲ ಎಂದರು.

ನಮ್ಮ ದೇಶದ ಗ್ರಂಥಸ್ವಾಮ್ಯದ ಕಾನೂನು 1957ರದು. ಅದರಂತೆ, ಬರೆದ ಕ್ಷಣದಿಂದಲೇ ಕೃತಿ ಲೇಖಕನ ಸ್ವತ್ತು, ನೋಂದಣಿ ಕಡ್ಡಾಯವಲ್ಲ. ಅವನ ಜೀವಿತಕಾಲವಲ್ಲದೆ ಅನಂತರದ 60 ವರ್ಷಗಳವರೆಗೆ ಅವನ ವಾರಸುದಾರರಿಗೂ ಹಕ್ಕುಂಟು. ಇನ್ನೊಬ್ಬರಿಗೆ ಕೊಡುವುದಾದರೆ ಬರವಣಿಗೆಯಲ್ಲಿ, ರುಜುವಿನೊಡನೆ ಕೊಡಬೇಕು. 1994ರ ತಿದ್ದುಪಡಿಯ ಪ್ರಕಾರ, ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷ ಮಾತ್ರ. ಬೇರೆ ಷರತ್ತಿಲ್ಲದಿದ್ದಲ್ಲಿ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೂ ಅದು ರದ್ದಾಗುತ್ತದೆ.

ಆದುದರಿಂದ ಕರಾರಿನಲ್ಲಿ ಆವೃತ್ತಿ, ಪ್ರತಿಗಳ ಸಂಖ್ಯೆ, ಅವಧಿ ಇವು ಸ್ಪಷ್ಟವಾಗಿರಲಿ. ಅನುವಾದ, ಚಲನಚಿತ್ರಗಳ ಹಕ್ಕು ಲೇಖಕನಲ್ಲಿಯೇ ಉಳಿಯಲಿ. ರಾಯಧನ ಯಾವುದರ ಮೇಲೆ ಎಂಬುದನ್ನೂ ಕೇಳಬೇಕು. 200 ರೂಪಾಯಿ ಮುಖಬೆಲೆಯ 1,000 ಪ್ರತಿಗಳು ಮಾರಾಟವಾದರೆ, ನೂರಕ್ಕೆ ಹತ್ತರಂತೆ 20,000 ರೂಪಾಯಿ. ಅಂಗಡಿಯವರಿಗೆ ನೂರಕ್ಕೆ ನಲವತ್ತು ರಿಯಾಯಿತಿ ಕೊಟ್ಟು, ಉಳಿದ ಹಣದ ಮೇಲೆ ಲೆಕ್ಕ ಹಾಕಿದರೆ ಅದೇ 12,000ಕ್ಕೆ ಇಳಿಯುತ್ತದೆ.

ಸ್ವಂತ ಪ್ರಕಾಶನದ ದಾರಿಯೂ ಇದೆ. ಮಹಾಯುದ್ಧದಿಂದ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದಾಗ, ಆರ್. ಕೆ. ನಾರಾಯಣ್ 1942ರಲ್ಲಿ ಮೈಸೂರಿನಲ್ಲಿಯೇ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಆರಂಭಿಸಿದರು. ಮರುವರ್ಷ 'ಮಾಲ್ಗುಡಿ ಡೇಸ್' ಅಲ್ಲಿಂದಲೇ ಹೊರಬಂತು. ಕುವೆಂಪು ಅವರ ಕೃತಿಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಆದರೆ ಈ ದಾರಿಯಲ್ಲಿ ಕಾಗದದ ಖರ್ಚು, ಉಳಿದ ಪ್ರತಿಗಳ ದಾಸ್ತಾನು, ಅಂಗಡಿಗಳಿಂದ ಬಾಕಿ ವಸೂಲಿ ಎಲ್ಲವೂ ಲೇಖಕನ ಹೆಗಲಿಗೇ ಬೀಳುತ್ತವೆ. ಪ್ರಕಾಶಕನು ಹೊರುವ ಭಾರ ಎಷ್ಟೆಂಬುದು ಆಗ ತಿಳಿಯುತ್ತದೆ.

ಪ್ರಕಾಶಕನು ಲೇಖಕನ ಶತ್ರುವಲ್ಲ. ಕರಾರನ್ನು ಕೇಳಿದರೆ ಸ್ನೇಹ ಕೆಡುವುದೆಂಬ ನಮ್ಮ ಸಂಕೋಚವೇ ನಮಗೆ ಶತ್ರು. ನನ್ನ ಕಾದಂಬರಿ ಈಗ ಮತ್ತೆ ಅಚ್ಚಾಗಿದೆ. ಅಂದು ಅದಕ್ಕಾಗಿ ಕಾಗದ ಬರೆಯುತ್ತಿದ್ದ ಓದುಗರು ಇಂದು ಎಲ್ಲಿರುವರೋ, ನಾನರಿಯೆ.