ಕೇರೆ, ನಾಗರ ಕೂಡುವುದುಂಟೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ನಾನು ಕೇಳುತ್ತ ಬಂದ ಮಾತೊಂದಿದೆ: "ಕೇರೆ ಗಂಡು, ನಾಗರ ಹೆಣ್ಣು. ಎರಡೂ ಕೂಡಿ ಮಿಶ್ರತಳಿ ಹುಟ್ತೈತಿ, ಅದಕ್ಕೂ ವಿಷ ಇರ್ತೈತಿ." ಈ ಮಾತು ನಂಬಿ ಕಂಡ ಕೇರೆಗೆಲ್ಲ ಬಡಿಗೆ ಎತ್ತುತ್ತೇವೆ.

ಜರ್ಸಿ ಹೋರಿಗೂ ನಾಡ ಆಕಳಿಗೂ ಕರು ಹುಟ್ಟುತ್ತದೆ. ಆಕಳಿಗೂ ಕೋಣಕ್ಕೂ ಹುಟ್ಟೀತೇ? ಕೇರೆ, ನಾಗರ ಅದಕ್ಕಿಂತಲೂ ದೂರದವು, ಕುಟುಂಬವೇ ಬೇರೆ. ಅಮೆರಿಕದಲ್ಲಿ ಹಾವು ಸಾಕುವವರು ಎರಡು ಜಾತಿಯ ಹಾವು ಕೂಡಿಸಿ ಮರಿ ಮಾಡಿಸಿದ್ದುಂಟು. ಆದರೆ ಅವು ಹತ್ತಿರದ ಸಂಬಂಧಿಗಳು, ವಿಷವಿಲ್ಲದವು.

ಹಾಗಾದರೆ ಒಡ್ಡಿನ ಮೇಲೆ ಹಗ್ಗ ಹೊಸೆದಂಗೆ ಹೆಣೆದುಕೊಂಡು ಎದ್ದು ನಿಲ್ಲುವ ಜೋಡಿ ಯಾವುದು? ಅದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿ. ಸೋತದ್ದು ಸರಿದು ಹೋಗುತ್ತದೆ. ಕೇರೆಯಲ್ಲೂ ಹೆಣ್ಣಿದೆ, ಅದೇ ಮೊಟ್ಟೆ ಇಡುತ್ತದೆ.

ಗುರುತು ಹೀಗೆ: ನಾಗರ ಹೆಡೆಯನ್ನು ಅಗಲಕ್ಕೆ ಬಿಚ್ಚುತ್ತದೆ. ಕೇರೆಗೆ ಹೆಡೆಯಿಲ್ಲ, ಕಣ್ಣು ದೊಡ್ಡವು. ಕೆಣಕಿದರೆ ಕುತ್ತಿಗೆ ಉಬ್ಬಿಸಿ ಗುರ್ ಅನ್ನುತ್ತದೆ, ಕಚ್ಚಲೂಬಹುದು. ವಿಷ ಮಾತ್ರ ಇಲ್ಲ.

ಗೋವಿನಜೋಳ, ಶೇಂಗಾ, ಭತ್ತ ತಿನ್ನುವ ಇಲಿಯ ಬಿಲಕ್ಕೇ ನುಗ್ಗುವ ಕೇರೆ ನಮ್ಮ ಸಂಬಳವಿಲ್ಲದ ಕಾವಲುಗಾರ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಕೊಲ್ಲುವುದು ಅಪರಾಧವೂ ಹೌದು.

ಇನ್ನೊಂದು ಮಾತು. ಹಾವು ಕಡಿದಾಗ "ಇದು ಬೆರಕಿ, ವಿಷ ಕಡಿಮಿ" ಅಂತ ಕೂಡಬ್ಯಾಡ್ರಿ. ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಡಿದ ಕೈಕಾಲು ಅಲುಗಾಡಿಸದೆ ದವಾಖಾನೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು. ಹಾವು ಹಿಡಿದು ತರುವ ಗರಜಿಲ್ಲ.