ಗೌರಿಹೂವಿನ ಗಡ್ಡೆ

ಯುರೋಪಿನ ತೋಟಗಾರರು ಸೈಕ್ಲಮೆನ್ ಗಡ್ಡೆಗಳನ್ನು ಗಾಜಿನ ಮನೆಯಲ್ಲಿಟ್ಟು ಆರೈಕೆ ಮಾಡುವರು. ನಮ್ಮ ಮಂಗಲ್ಪಾಡಿಯ ಗೌರಿಹೂವಿಗೆ ಬೇಲಿಯೊಂದಿದ್ದರೆ ಸಾಕು. ಎಲೆಯ ತುದಿಯೇ ಕುಡಿಯಾಗಿ ಬೇಲಿಯನ್ನು ಹಿಡಿದು ಮೇಲೇರುವುದು. ಮಳೆಗಾಲದಲ್ಲಿ ಅರಳಿದ ಆರು ಎಸಳುಗಳು ಹಳದಿಯಿಂದ ಕೆಂಪಿಗೆ ತಿರುಗುವ ಸೊಬಗನ್ನು ನೋಡಿಯೇ ತಿಳಿಯಬೇಕು. ಮಳೆ ಹಿಂದೆಗೆದ ಮೇಲೆ ಬಳ್ಳಿ ಒಣಗಿ ಗಡ್ಡೆ ಮಣ್ಣಿನೊಳಗೆ ನಿದ್ರಿಸುವುದು. ಆಗ ನೀರೆರೆದರೆ ಕೊಳೆತೀತು. ಮೇ ಕೊನೆಗೆ, ನೀರು ನಿಲ್ಲದ ಏರಿಯಲ್ಲಿ ಅಡ್ಡಲಾಗಿ ನೆಡಬೇಕು. ಕವಲಿನ ತುದಿಯಲ್ಲೇ ಮೊಳಕೆಯ ಕಣ್ಣು. ಅದು ಮುರಿದರೆ ಆ ಕವಲು ವ್ಯರ್ಥ.

ಆದರೆ ಈ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ಘೋರ ವಿಷವಿದೆ. ಗೆಣಸೆಂದು ಭ್ರಮಿಸಿ ಬೇಯಿಸಿ ತಿಂದವರು ಸತ್ತುದುಂಟು. ಬೇಯಿಸಿದರೂ ವಿಷ ಅಳಿಯದು. ವಾಂತಿಭೇದಿಗಳು ಕೆಲವು ಗಂಟೆಗಳ ಬಳಿಕ ತೋರುವುದರಿಂದ, ಮಗು ಕಚ್ಚಿತೆಂದು ತಿಳಿದೊಡನೆ ಆಸ್ಪತ್ರೆಗೆ ಒಯ್ಯಬೇಕು. ಆದುದರಿಂದ ಶಾಲೆಯ ಕೈತೋಟದಲ್ಲಿ ನಾವಿದನ್ನು ನೆಟ್ಟಿಲ್ಲ. ಮುರಕಲ್ಲ ಗುಡ್ಡದ ಬೇಲಿಯಲ್ಲಿಯೇ ಮಕ್ಕಳಿಗೆ ತೋರಿಸುತ್ತೇವೆ.